ಬಿತ್ತದ ಹೊಲದ ಹಣ

(ಬಾನುಲಿ ಭಾಷಣ)

ರೈತನು ಬೆಳೆ ಬೆಳೆಯಲಿ ಎಂದು ಸರ್ಕಾರ ಹಣ ಕೊಡುವುದು ನಮಗೆ ಹೊಸದಲ್ಲ. ಬಾವಿ ತೋಡಿಸಲು, ಎತ್ತು ಕೊಳ್ಳಲು ನಮ್ಮ ಅಜ್ಜಂದಿರ ಕಾಲದಲ್ಲಿ ತಕಾವಿ ಸಾಲವಿತ್ತು. ಆಮೇಲೆ ಬೀಜಕ್ಕೆ, ಗೊಬ್ಬರಕ್ಕೆ, ಪಂಪುಸೆಟ್ಟಿಗೆ ಸಹಾಯಧನ ಬಂತು. ಆದರೆ ಬೆಳೆಯಬೇಡ ಎಂದು, ಬೆಳೆದು ನಿಂತದ್ದನ್ನು ಉತ್ತು ಮಣ್ಣಿಗೆ ಸೇರಿಸು ಎಂದು ರೈತನಿಗೆ ಹಣ ಕೊಟ್ಟ ಸರ್ಕಾರವೂ ಒಂದಿತ್ತು. ಅದು 1933ರ ಬೇಸಗೆಯಲ್ಲಿ, ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣದ ಹತ್ತಿ ಸೀಮೆಯಲ್ಲಿ ನಡೆದ ಸಂಗತಿ. ಆ ಹಣ ಯಾರಿಗೆಂದು ಹೊರಟಿತು, ಯಾರ ಕೈ ಸೇರಿತು, ಯಾರನ್ನು ಮನೆ ಬಿಡಿಸಿತು ಎಂಬುದನ್ನು ಒಂದು ಕೌಂಟಿಯ ಕಥೆಯ ಮೂಲಕ ಹೇಳಬೇಕೆಂದು ಈ ಹೊತ್ತು ಹೊರಟಿದ್ದೇನೆ. ಕೌಂಟಿ ಎಂದರೆ ನಮ್ಮ ತಾಲೂಕಿಗೂ ಜಿಲ್ಲೆಗೂ ನಡುವಿನ ಒಂದು ಆಡಳಿತ ವಿಭಾಗವೆಂದು ತಿಳಿದುಕೊಂಡರೆ ಸಾಕು.

ಸಾಹಿತ್ಯದ ಮೇಷ್ಟರಿಗೆ ಹತ್ತಿಯ ಬೆಲೆಯ ಗೊಡವೆ ಏಕೆ ಎಂದು ನೀವು ಕೇಳಬಹುದು. ನಾನು ಇಲ್ಲಿಗೆ ಬಂದದ್ದು ಕಾದಂಬರಿಯ ದಾರಿಯಿಂದಲೇ. ಜಾನ್ ಸ್ಟೈನ್‌ಬೆಕ್ 1939ರಲ್ಲಿ ಪ್ರಕಟಿಸಿದ 'ದಿ ಗ್ರೇಪ್ಸ್ ಆಫ್ ರಾತ್' ಕಾದಂಬರಿಯನ್ನು ನಿಮ್ಮಲ್ಲಿ ಹಲವರು ಓದಿರುತ್ತೀರಿ. ಒಕ್ಲಹೋಮ ರಾಜ್ಯದ ಸಾಲಿಸಾ ಎಂಬ ಊರಿನ ಕಡೆಯ ಜೋಡ್ ಸಂಸಾರ ಹಳೆಯ ಲಾರಿಯೊಂದರಲ್ಲಿ ಗಂಟುಮೂಟೆ ಹೇರಿಕೊಂಡು ಕ್ಯಾಲಿಫೋರ್ನಿಯಕ್ಕೆ ಹೊರಡುತ್ತದೆ. ಅವರನ್ನು ಎಬ್ಬಿಸಿದ್ದು ಧೂಳಿನ ಬಿರುಗಾಳಿ ಎಂದು ನಾನು ತರಗತಿಯಲ್ಲಿ ಎಷ್ಟೋ ವರ್ಷ ಹೇಳಿದ್ದೇನೆ. ಒಮ್ಮೆ ಭೂಪಟ ಬಿಚ್ಚಿ ನೋಡಿದಾಗ ನಾಚಿಕೆಯಾಯಿತು. ಬಿರುಗಾಳಿಯ ಪ್ರದೇಶ ಒಕ್ಲಹೋಮದ ಪಶ್ಚಿಮದ ತುದಿ. ಸಾಲಿಸಾ ಇರುವುದು ಪೂರ್ವದ ಅಂಚಿನಲ್ಲಿ, ಆರ್ಕನ್ಸಾ ರಾಜ್ಯದ ಗಡಿಯ ಪಕ್ಕದಲ್ಲಿ. ಅದು ಹತ್ತಿಯ ನೆಲ, ಪಾಲಿಗೆ ಉಳುವವರ ನೆಲ. ಆ ಕಡೆಯ ಜನ ಏಳಬೇಕಾದದ್ದಕ್ಕೆ ಬೆಲೆಯ ಕುಸಿತ, ಅನಾವೃಷ್ಟಿ, ಟ್ರ್ಯಾಕ್ಟರು ಎಲ್ಲವೂ ಕಾರಣವೇ. ಅವುಗಳ ಜೊತೆಗೆ ಸರ್ಕಾರದ ಒಂದು ಕಾಗದವೂ ಇತ್ತು. ಆ ಕಾಗದದ ಜಾಡು ಹಿಡಿದು ಹೋದರೆ ಸಿಗುವುದು ಗಡಿಯಾಚೆಯ ಆರ್ಕನ್ಸಾದ ಈಶಾನ್ಯದಲ್ಲಿರುವ ಪಾಯಿನ್‌ಸೆಟ್ ಕೌಂಟಿ, ಅದರೊಳಗಿನ ಟೈರೋನ್ಜಾ ಎಂಬ ಪುಟ್ಟ ಊರು.

ಮಿಸಿಸಿಪ್ಪಿ ನದಿಯ ಪಶ್ಚಿಮಕ್ಕೆ ಹಬ್ಬಿದ ತಗ್ಗು ಬಯಲು ಅದು. ಒಂದು ಕಾಲಕ್ಕೆ ಜೌಗು ಕಾಡು. ಮರ ಕಡಿದು, ಕಾಲುವೆ ತೋಡಿ ನೀರು ಬಸಿದು ಹೊಲ ಮಾಡಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ. ದೊಡ್ಡ ಹಿಡುವಳಿಯ ಒಡೆಯರು, ಅವರ ಕೈಕೆಳಗೆ ಹತ್ತಿಪ್ಪತ್ತು ಎಕರೆಗಳನ್ನು ಪಾಲಿಗೆ ಮಾಡುವ ಸಂಸಾರಗಳು, ಕರಿಯರೂ ಬಿಳಿಯರೂ ಇಬ್ಬರೂ. ನಮ್ಮಲ್ಲಿ ಕೆಲವು ಕಡೆ ಇದನ್ನು ವಾರವೆಂದೂ ಕೆಲವು ಕಡೆ ಕೋರು ಎಂದೂ ಕರೆಯುತ್ತಾರೆ. ಅಲ್ಲಿ ಪಾಲುಗಾರನದು ಮೈಕೆಲಸ ಮಾತ್ರ. ಗುಡಿಸಲು, ಹೇಸರಗತ್ತೆ, ನೇಗಿಲು, ಬೀಜ ಒಡೆಯನವು. ಬೆಳೆಯಲ್ಲಿ ಅರ್ಧ ಅರ್ಧ. ಬಿತ್ತನೆಯಿಂದ ಬಿಡಿಸುವವರೆಗೆ ಹಿಟ್ಟು, ಹಂದಿಮಾಂಸ, ಬಟ್ಟೆ ಎಲ್ಲವೂ ಒಡೆಯನ ಅಂಗಡಿಯಲ್ಲಿಯೇ ಸಾಲಕ್ಕೆ. ವರ್ಷದ ಕೊನೆಗೆ ಲೆಕ್ಕ ಮುಗಿಸುವ ದಿನ ಪುಸ್ತಕ ಒಡೆಯನ ಕೈಯಲ್ಲಿ. ಮೂವತ್ತರ ದಶಕದ ಆರಂಭದಲ್ಲಿ ಆರ್ಕನ್ಸಾದ ಐದು ಬೇಸಾಯಗಾರರಲ್ಲಿ ಮೂವರು ಇನ್ನೊಬ್ಬರ ನೆಲ ಉಳುತ್ತಿದ್ದವರು.

1929ರಲ್ಲಿ ಒಂದು ಪೌಂಡು ಅರಳೆಗೆ 16 ಸೆಂಟಿನ ಆಸುಪಾಸಿನಲ್ಲಿದ್ದ ಬೆಲೆ 1931ರ ವೇಳೆಗೆ 6 ಸೆಂಟಿಗಿಂತ ಕೆಳಗಿಳಿಯಿತು. ಗೋದಾಮುಗಳಲ್ಲಿ ಕೊಳ್ಳುವವರಿಲ್ಲದ ಹತ್ತಿ, ಹೊಲದಲ್ಲಿ ಮತ್ತಷ್ಟು ಹತ್ತಿ. 1933ರ ಮೇ 12ರಂದು ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಕೃಷಿ ಹೊಂದಾಣಿಕೆ ಕಾಯಿದೆಗೆ ಸಹಿ ಹಾಕಿದರು. ಅದರ ತರ್ಕ ಸರಳ: ಬೆಳೆ ಕಡಿಮೆಯಾದರೆ ಬೆಲೆ ಏರುತ್ತದೆ, ಬೆಳೆ ಕಡಿಮೆ ಮಾಡುವ ರೈತನಿಗೆ ಸರ್ಕಾರ ಹಣ ಕೊಡಲಿ, ಆ ಹಣವನ್ನು ಗಿರಣಿಗಳ ಮೇಲಿನ ತೆರಿಗೆಯಿಂದ ಎತ್ತಲಿ. ಆದರೆ ಕಾಯಿದೆಯಾಗುವ ಹೊತ್ತಿಗೆ ಆ ವರ್ಷದ ಹತ್ತಿ ಮೊಳೆತಾಗಿತ್ತು. ಹಾಗಾಗಿ ನಿಂತ ಬೆಳೆಯನ್ನೇ ಉಳಬೇಕಾಯಿತು. ಎಕರೆಗೆ 7ರಿಂದ 20 ಡಾಲರಿನವರೆಗೆ ಕೊಟ್ಟು ಸುಮಾರು 1 ಕೋಟಿ ಎಕರೆ ಹತ್ತಿಯನ್ನು ಉತ್ತುಹಾಕಿಸಿದರು. ಸಾಲಿನ ನಡುವೆ ಮಾತ್ರ ನಡೆಯಬೇಕು, ಗಿಡ ತುಳಿಯಬಾರದು ಎಂದು ಕಲಿತಿದ್ದ ಹೇಸರಗತ್ತೆಗಳು ಗಿಡದ ಮೇಲೆ ಕಾಲಿಡಲು ಒಪ್ಪಲಿಲ್ಲವಂತೆ. ಈ ಮಾತು ಆ ಸೀಮೆಯಲ್ಲಿ ಇಂದಿಗೂ ಉಳಿದಿದೆ. ನಿಜವೋ ಕಟ್ಟಿದ್ದೋ, ನಮ್ಮ ಎತ್ತುಗಳನ್ನು ಬಲ್ಲವರಿಗೆ ನಂಬಲು ಕಷ್ಟವಿಲ್ಲ.

ಮೊದಲ ವರ್ಷದ ಚೆಕ್ಕುಗಳು ಬಹುಪಾಲು ಒಡೆಯರ ಹೆಸರಿಗೆ ಬಂದವು. ಪಾಲುಗಾರನಿಗೆ ಸಲ್ಲಬೇಕಾದದ್ದು ಎಷ್ಟೋ ಕಡೆ ಅಂಗಡಿಯ ಸಾಲಕ್ಕೆ ಜಮೆಯಾಯಿತು. ಮರುವರ್ಷ, ಅಂದರೆ 1934 ಮತ್ತು 1935ಕ್ಕೆ, ಕೃಷಿ ಖಾತೆ ಸರಿಯಾದೊಂದು ಕರಾರುಪತ್ರ ಬರೆಯಿತು. ಇದರ ಲೆಕ್ಕವನ್ನು ಸ್ವಲ್ಪ ತಾಳ್ಮೆಯಿಂದ ಕೇಳಬೇಕು. ಬಿತ್ತದೆ ಬಿಟ್ಟ ನೆಲಕ್ಕೆ, ಅದು ಬೆಳೆಯಬಹುದಾಗಿದ್ದ ಹತ್ತಿಯ ಪೌಂಡಿಗೆ ಮೂರೂವರೆ ಸೆಂಟು ಬಾಡಿಗೆ. ಇದಲ್ಲದೆ ಮಾಮೂಲು ಬೆಳೆಯ ನೂರಕ್ಕೆ ನಲವತ್ತು ಭಾಗದ ಮೇಲೆ ಪೌಂಡಿಗೆ 1 ಸೆಂಟು ಹೆಚ್ಚುವರಿ. ಬಾಡಿಗೆ ಪೂರ್ತಿ ಒಡೆಯನಿಗೆ. ಹೆಚ್ಚುವರಿಯಲ್ಲಿ ಮಾತ್ರ ಪಾಲುಗಾರನಿಗೆ ಅರ್ಧ. ಒಬ್ಬ ಪಾಲುಗಾರನ ಬಳಿ 20 ಎಕರೆ ಇದೆ, ಎಕರೆಗೆ 200 ಪೌಂಡು ಬರುತ್ತದೆ ಎಂದಿಟ್ಟುಕೊಳ್ಳಿ. 8 ಎಕರೆ ಬೀಳು ಬಿಟ್ಟರೆ ಬಾಡಿಗೆ 56 ಡಾಲರು, ಹೆಚ್ಚುವರಿ 16 ಡಾಲರು. ಒಡೆಯನಿಗೆ 64, ಉಳುವವನಿಗೆ 8. ಹೊಲದ ಬೆಳೆ ಅರ್ಧ ಅರ್ಧ. ಬೆಳೆಯದ ಬೆಳೆ ಎಂಟಕ್ಕೆ ಒಂದು!

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಬೆಲೆ ಏರಿತು. 1934ರಲ್ಲಿ ಹತ್ತಿ ಪೌಂಡಿಗೆ 12 ಸೆಂಟು ಮುಟ್ಟಿತು. ಉಳಿದ 12 ಎಕರೆಯಲ್ಲಿ ಬೇಸಾಯ ಮಾಡಿದ ಪಾಲುಗಾರನಿಗೆ ಹಿಂದಿನ 20 ಎಕರೆಗಿಂತ ಕೈಗೆ ಸ್ವಲ್ಪ ಹೆಚ್ಚೇ ಬಂದಿರಬೇಕು. ಅವನು ಆ ಹೊಲದಲ್ಲಿ ಉಳಿದಿದ್ದರೆ, ಅಷ್ಟೆ. ಐವರು ಪಾಲುಗಾರರ ನೆಲದಲ್ಲಿ ಎರಡು ಪಾಲು ಬೀಳು ಬಿದ್ದ ಮೇಲೆ ಐವರೂ ಏಕೆ ಬೇಕು ಎಂದು ಒಡೆಯನಿಗೆ ತೋರುವುದು ಸಹಜ. ಇಬ್ಬರನ್ನು ಕಳಿಸಿದರೆ ಗುಡಿಸಲಿನ ರಿಪೇರಿ ತಪ್ಪಿತು, ಅಂಗಡಿಯ ಸಾಲ ತಪ್ಪಿತು, ಎಂಟಕ್ಕೆ ಒಂದರ ಆ ಪಾಲೂ ತಪ್ಪಿತು. ಬಂದ ಚೆಕ್ಕು ಟ್ರ್ಯಾಕ್ಟರಿಗೆ ಮುಂಗಡವಾಯಿತು.

ವಾಷಿಂಗ್ಟನ್ನಿನಲ್ಲಿ ಕುಳಿತು ಕರಾರು ಬರೆದವರಿಗೆ ಇದು ಹೊಳೆಯದೆ ಇರಲಿಲ್ಲ. ಅದಕ್ಕಾಗಿ ಏಳನೆಯ ಕಲಮು ಒಂದನ್ನು ಸೇರಿಸಿದ್ದರು. ಭಾಷೆಯನ್ನೇ ನಂಬಿ ಬದುಕಿದ ನನ್ನಂಥವನಿಗೆ ಈ ಇಡೀ ಇತಿಹಾಸದಲ್ಲಿ ಬಿಡಿಸಲಾಗದೆ ಅಂಟಿಕೊಂಡದ್ದು ಆ ಕಲಮು. ಒಡೆಯನು ಬೆಳೆ ತಗ್ಗಿಸುವಾಗ ಜನಕ್ಕೆ ಆದಷ್ಟು ಕಡಿಮೆ ತೊಂದರೆಯಾಗುವಂತೆ ಸದ್ಭಾವದಿಂದ ಪ್ರಯತ್ನಿಸತಕ್ಕದ್ದು. ಸಾಧ್ಯವಾದ ಮಟ್ಟಿಗೆ ಮಾಮೂಲು ಸಂಖ್ಯೆಯ ಪಾಲುಗಾರರನ್ನು ಇಟ್ಟುಕೊಳ್ಳತಕ್ಕದ್ದು. ಅವರು ಎರಡು ವರ್ಷವೂ ಬಾಡಿಗೆಯಿಲ್ಲದೆ ಮನೆಗಳಲ್ಲಿ ಇರಲು ಬಿಡತಕ್ಕದ್ದು, ಒಡೆಯನ ಹಿತಕ್ಕೆ ಉಪದ್ರವವೋ ಅಪಾಯವೋ ಆಗುವಂತೆ ನಡೆದುಕೊಂಡರೆ ಮಾತ್ರ ಬೇರೆ. ಕಲಮಿನ ಸಾರ ಇಷ್ಟು. ಸದ್ಭಾವ, ಪ್ರಯತ್ನ, ಸಾಧ್ಯವಾದ ಮಟ್ಟಿಗೆ: ಒಂದೊಂದು ಪದವೂ ಒಂದೊಂದು ಕಿಂಡಿ. ಉಪದ್ರವ ಎಂದು ತೀರ್ಮಾನಿಸುವವರು ಯಾರು? ಎಲ್ಲಕ್ಕಿಂತ ಮುಖ್ಯವಾಗಿ, ಇಟ್ಟುಕೊಳ್ಳಬೇಕಾದದ್ದು ಪಾಲುಗಾರರ ಸಂಖ್ಯೆಯನ್ನೋ, ಪಾಲುಗಾರರನ್ನೋ? ಹಿಂದಿನ ವರ್ಷ ಇಪ್ಪತ್ತು ಸಂಸಾರವಿದ್ದರೆ ಈ ವರ್ಷವೂ ಯಾವುದಾದರೂ ಇಪ್ಪತ್ತು ಇದ್ದರೆ ಸಾಕೋ, ಅದೇ ಇಪ್ಪತ್ತು ಇರಬೇಕೋ? ಕನ್ನಡದಲ್ಲಿ 'ಒಕ್ಕಲು' ಎಂಬ ಪದವಿದೆ. ವಾಸ, ಬೇಸಾಯ, ಗೇಣಿದಾರ ಮೂರೂ ಅದರೊಳಗಿವೆ. ಒಕ್ಕಲು ಎಂದರೆ ಇಂಥ ನೆಲದಲ್ಲಿ ನೆಲೆಸಿರುವ ಇಂಥ ಸಂಸಾರ. ಅದನ್ನು ಎಬ್ಬಿಸಿ ಅಲ್ಲಿ ಇನ್ನೊಂದನ್ನು ಕೂಡಿಸಿ ಲೆಕ್ಕ ಸರಿಯಾಯಿತು ಎನ್ನುವುದಕ್ಕೆ ಆ ಪದ ಸುಲಭವಾಗಿ ಬಿಡುವುದಿಲ್ಲ. ಆ ಕರಾರಿನ ಇಂಗ್ಲಿಷು ಬಿಟ್ಟಿತು.

ಇದನ್ನು ಹೇಳುತ್ತ ಅಮೆರಿಕದವರನ್ನು ಆಡಿಕೊಳ್ಳುವ ಅಧಿಕಾರ ನನಗಿಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, 1974ರ ಮಾರ್ಚ್ 1ರಿಂದ, ನಮ್ಮಲ್ಲಿ ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂತು. ಗೇಣಿದಾರರು ಏಳನೆಯ ನಮೂನೆಯಲ್ಲಿ ಅರ್ಜಿ ಹಾಕಿಕೊಳ್ಳಬೇಕಾಗಿತ್ತು. ಊರ ಭಾಷೆಯಲ್ಲಿ 'ಡಿಕ್ಲರೇಷನ್ ಕೊಡುವುದು'. ನಮ್ಮ ಮನೆಯ ಗದ್ದೆಯನ್ನು ಒಬ್ಬಾತ ಬಹಳ ವರ್ಷಗಳಿಂದ ಮಾಡುತ್ತಿದ್ದ. ಅಜ್ಜ ಅವನನ್ನು ಎರಡು ವರ್ಷಕ್ಕೊಮ್ಮೆ ಒಂದು ಗದ್ದೆಯಿಂದ ಇನ್ನೊಂದಕ್ಕೆ ಬದಲಿಸುತ್ತಿದ್ದರು. ಯಾವ ಸರ್ವೆ ನಂಬರಿನ ಪಹಣಿಯಲ್ಲಿಯೂ ಅವನ ಹೆಸರು ನಿಲ್ಲಲಿಲ್ಲ. ಆತ ಡಿಕ್ಲರೇಷನ್ ಕೊಡಲಿಲ್ಲ. ಕೊಟ್ಟಿದ್ದರೂ ತೋರಿಸಲು ಕಾಗದವಿರಲಿಲ್ಲ. ಮುಂದೆ ಆ ಸಂಸಾರ ಘಟ್ಟದ ಕೆಳಗೆ ಎಲ್ಲಿಗೋ ಹೋಯಿತು. ಆ ಗದ್ದೆಯ ಅಕ್ಕಿ ಉಂಡು ನಾನು ಎಂ.ಎ. ಓದಿದೆ. ಈಗ ಕೇಂದ್ರ ಸರ್ಕಾರ 2019ರಿಂದ ರೈತ ಕುಟುಂಬಕ್ಕೆ ವರ್ಷಕ್ಕೆ 6,000 ರೂಪಾಯಿ ಕೊಡುತ್ತಿದೆಯಲ್ಲ, ಅದೂ ಜಮೀನು ಯಾರ ಹೆಸರಿನಲ್ಲಿದೆಯೋ ಅವರ ಖಾತೆಗೆ.

ಇರಲಿ, ಟೈರೋನ್ಜಾಕ್ಕೆ ಹೋಗೋಣ. ಅಲ್ಲಿ ಹೈರಮ್ ನಾರ್‌ಕ್ರಾಸ್ ಎಂಬುವನ ದೊಡ್ಡ ಹಿಡುವಳಿ ಇತ್ತು. ವಕೀಲನಾಗಿದ್ದು ಒಡೆಯನಾದವನು, ಲೆಕ್ಕಾಚಾರದ ಮನುಷ್ಯ. 1934ರಲ್ಲಿ ಅವನು 23 ಸಂಸಾರಗಳನ್ನು ಒಕ್ಕಲೆಬ್ಬಿಸಿದ. ಅದೇ ಊರಿನಲ್ಲಿ ಹ್ಯಾರಿ ಲೆಲ್ಯಾಂಡ್ ಮಿಚೆಲ್ ಎಂಬುವರು ಬಟ್ಟೆ ಶುಚಿಮಾಡುವ ಅಂಗಡಿ ಇಟ್ಟುಕೊಂಡಿದ್ದರು. ಪಕ್ಕದಲ್ಲಿ ಕ್ಲೇ ಈಸ್ಟ್ ಎಂಬುವರ ಪೆಟ್ರೋಲು ಬಂಕು. ಇಬ್ಬರೂ ಸಮಾಜವಾದಿಗಳು. 1934ರ ಜುಲೈಯಲ್ಲಿ ಊರಾಚೆಯ ಸನ್ನಿಸೈಡ್ ಎಂಬ ಶಾಲೆಯ ಕೋಣೆಯಲ್ಲಿ ಹನ್ನೊಂದು ಮಂದಿ ಬಿಳಿಯರು, ಏಳು ಮಂದಿ ಕರಿಯರು ದೀಪದ ಬೆಳಕಿನಲ್ಲಿ ಸೇರಿದರು. ಸಂಘ ಒಂದೋ, ಎರಡೋ ಎಂಬುದೇ ಮೊದಲ ಪ್ರಶ್ನೆ. ಬಿಳಿಯರೂ ಕರಿಯರೂ ಒಂದೇ ಬೆಂಚಿನಲ್ಲಿ ಕೂರುವುದು ಕಾನೂನಿಗೂ ರೂಢಿಗೂ ವಿರೋಧವಾಗಿದ್ದ ನಾಡು ಅದು. ಆ ಕೋಣೆಯಲ್ಲಿದ್ದ ಐಸಾಕ್ ಶಾ ಎಂಬ ಕರಿಯ ಮುದುಕ 1919ರ ಎಲೇನ್ ಹತ್ಯಾಕಾಂಡದಿಂದ ಉಳಿದು ಬಂದವನು. ಅದೇ ರಾಜ್ಯದ ಫಿಲಿಪ್ಸ್ ಕೌಂಟಿಯಲ್ಲಿ ಕರಿಯ ಪಾಲುಗಾರರು ತಾವಷ್ಟೇ ಸಂಘ ಕಟ್ಟಿದ್ದಕ್ಕೆ ನಡೆದ ಕೊಲೆಗಳು ಅವು. ಬೇರೆ ಬೇರೆಯಾದರೆ ಒಡೆಯರು ನಮ್ಮನ್ನು ಒಬ್ಬರ ಮೇಲೊಬ್ಬರನ್ನು ಛೂಬಿಡುತ್ತಾರೆ, ಒಂದೇ ಇರಲಿ ಎಂಬುದು ಅವನ ವಾದ. ಒಂದೇ ಆಯಿತು. ದಕ್ಷಿಣದ ಗೇಣಿ ರೈತರ ಸಂಘ ಹುಟ್ಟಿದ್ದು ಹೀಗೆ.

ಸಂಘ ಮೊದಲು ಮಾಡಿದ್ದು ಮುಷ್ಕರವಲ್ಲ, ಅರ್ಜಿ. ಏಳನೆಯ ಕಲಮನ್ನು ಪಾಲಿಸಿ ಎಂದು ಸರ್ಕಾರಕ್ಕೆ ಕಾಗದ ಬರೆಯಿತು. ಆ ಕಾಗದಗಳು ಏನಾದವು? ದೂರು ವಿಚಾರಿಸುವ ಕೆಲಸ ಬಿದ್ದದ್ದು ಕೌಂಟಿಯ ಕಮಿಟಿಗೆ. ಆ ಕಮಿಟಿಗಳಲ್ಲಿ ಕುಳಿತಿದ್ದವರು ಅಲ್ಲಿನ ಒಡೆಯರೇ. ಮುನಿಸೀಫನ ಮೇಲಿನ ದೂರನ್ನು ಮುನಿಸೀಫನ ಕಚೇರಿಗೇ ತನಿಖೆಗೆ ಕಳಿಸಿದ ಹಾಗೆ. ನಾರ್‌ಕ್ರಾಸನ ಮೇಲೆ ಹೂಡಿದ ದಾವೆಯೂ ನಿಲ್ಲಲಿಲ್ಲ. ಕರಾರು ನಡೆದದ್ದು ಸರ್ಕಾರಕ್ಕೂ ಒಡೆಯನಿಗೂ. ಪಾಲುಗಾರ ಅದರಲ್ಲಿ ಕಕ್ಷಿಯೇ ಅಲ್ಲ, ಅವನು ಅದನ್ನು ಹಿಡಿದು ಕೇಳುವಂತಿಲ್ಲ ಎಂದಾಯಿತು.

ಆದರೆ ವಾಷಿಂಗ್ಟನ್ನಿನ ಕೃಷಿ ಖಾತೆಯೊಳಗೆ ಇನ್ನೊಂದು ಗುಂಪಿತ್ತು, ಜೆರೋಮ್ ಫ್ರಾಂಕ್ ಎಂಬ ಮುಖ್ಯ ವಕೀಲರ ಕೈಕೆಳಗಿನ ತರುಣರದು. 1935ರ ಜನವರಿಯಲ್ಲಿ ಅವರು ಮೇರಿ ಕಾನರ್ ಮೈಯರ್ಸ್ ಎಂಬ ವಕೀಲೆಯನ್ನು ಆರ್ಕನ್ಸಾಕ್ಕೆ ಕಳಿಸಿದರು. ಆಕೆ ಹೊಲ ಹೊಲ ತಿರುಗಿ, ಎಬ್ಬಿಸಿದವರ ಹೇಳಿಕೆಗಳನ್ನು ಬರೆದುಕೊಂಡು ವರದಿ ಒಪ್ಪಿಸಿದರು. ಇತ್ತ ಫ್ರಾಂಕರ ಸಹಾಯಕ ಆಲ್ಜರ್ ಹಿಸ್ ಏಳನೆಯ ಕಲಮಿಗೆ ಒಂದು ವ್ಯಾಖ್ಯಾನ ಬರೆದರು: ಸಂಖ್ಯೆ ಎಂದರೆ ಬರಿಯ ಸಂಖ್ಯೆಯಲ್ಲ, ಅವೇ ವ್ಯಕ್ತಿಗಳು, ಕರಾರಿನ ಅವಧಿ ಮುಗಿಯುವವರೆಗೆ ಅವರನ್ನು ಎಬ್ಬಿಸುವಂತಿಲ್ಲ. ಖಾತೆಯ ಆಡಳಿತಾಧಿಕಾರಿ ಚೆಸ್ಟರ್ ಡೇವಿಸ್ ಊರಿನಲ್ಲಿಲ್ಲದ ಹೊತ್ತು ನೋಡಿ ಈ ವ್ಯಾಖ್ಯಾನವನ್ನು ಆದೇಶವೆಂದು ಕಳಿಸಿಬಿಟ್ಟರು. ಡೇವಿಸ್ ಮರಳಿ ಬಂದರು, ಕೃಷಿ ಕಾರ್ಯದರ್ಶಿ ಹೆನ್ರಿ ವ್ಯಾಲೆಸರ ಮುಂದೆ ನಿಂತರು. ಫೆಬ್ರವರಿ 5ರಂದು ಫ್ರಾಂಕ್ ಮತ್ತು ಹಲವು ಸಂಗಡಿಗರು ಕೆಲಸ ಕಳೆದುಕೊಂಡರು, ಆದೇಶ ರದ್ದಾಯಿತು. ವ್ಯಾಖ್ಯಾನ ಬರೆದ ಹಿಸ್ ಮಾತ್ರ ಆ ದಿನ ಉಳಿದುಕೊಂಡದ್ದು ಇತಿಹಾಸದ ಒಂದು ಚೇಷ್ಟೆ. ಶಬ್ದಾರ್ಥ ಜಿಜ್ಞಾಸೆಯಿಂದ ಅಧ್ಯಾಪಕರು ಜಗಳವಾಡಿದ್ದನ್ನು ನಾನು ಕಂಡಿದ್ದೇನೆ. ಒಂದು ಪದದ ಅರ್ಥಕ್ಕಾಗಿ ಸರ್ಕಾರದ ಒಂದು ಇಲಾಖೆ ಸೀಳಿದ್ದು ಇದೊಂದೇ ಸಲ ನನ್ನ ಓದಿಗೆ ಬಂದದ್ದು.

ಡೇವಿಸರನ್ನಾಗಲಿ ವ್ಯಾಲೆಸರನ್ನಾಗಲಿ ಖಳರೆಂದು ಚಿತ್ರಿಸುವುದು ಸರಿಯಾಗದು. ಸೆನೆಟ್ಟಿನಲ್ಲಿ ರೂಸ್‌ವೆಲ್ಟರ ಪಕ್ಷದ ನಾಯಕ ಜೋಸೆಫ್ ರಾಬಿನ್ಸನ್, ಅವರು ಆರ್ಕನ್ಸಾದವರು. ದಕ್ಷಿಣದ ಸದಸ್ಯರ ಮತವಿಲ್ಲದೆ ಹೊಸ ಕಾಯಿದೆ ಒಂದೂ ಪಾಸಾಗುವಂತಿರಲಿಲ್ಲ. ಆ ಮತಗಳ ಬೆನ್ನ ಹಿಂದೆ ಇದ್ದವರು ಹಿಡುವಳಿಗಳ ಒಡೆಯರು. ಪಾಲುಗಾರರಿಗೆ ಮತವಿರಲಿಲ್ಲ, ಮತದಾನಕ್ಕೆ ತಲೆಗಂದಾಯ ಕಟ್ಟಬೇಕಿತ್ತು, ಅದನ್ನು ಕಟ್ಟಬಲ್ಲವರು ಕಡಿಮೆ. ಬೆಲೆ ಏರಿಸುವ ಯೋಜನೆಯೇ ಮುರಿದುಬಿದ್ದೀತೆಂಬ ಭಯ ಸುಳ್ಳಾಗಿರಲಿಲ್ಲ.

ಪಾಯಿನ್‌ಸೆಟ್ ಕೌಂಟಿಯ ಸುತ್ತಮುತ್ತ ಆ ವರ್ಷ ಆದದ್ದು ಘೋರ. ಸಂಘದ ಪ್ರಚಾರಕ ವಾರ್ಡ್ ರಾಜರ್ಸ್ ಎಂಬ ತರುಣನ ಮೇಲೆ ಅರಾಜಕತೆಯ ಮೊಕದ್ದಮೆ. ಸಭೆಗಳಿಗೆ, ಇಗರ್ಜಿಗಳಿಗೆ, ಮನೆಗಳಿಗೆ ಗುಂಡು. ಸಮಾಜವಾದಿ ನಾಯಕ ನಾರ್ಮನ್ ಥಾಮಸ್ ಮಾರ್ಚಿಯಲ್ಲಿ ಬರ್ಡ್‌ಸಾಂಗ್ ಎಂಬ ಹಳ್ಳಿಗೆ ಮಾತನಾಡಲು ಬಂದಾಗ ಅವರನ್ನು ವೇದಿಕೆಯಿಂದ ಎಳೆದುಹಾಕಿದರು. ಆದರೂ ಆ ವರ್ಷದ ಕೊಯ್ಲಿನ ಹೊತ್ತಿಗೆ ನೂರು ಪೌಂಡು ಹತ್ತಿ ಬಿಡಿಸಲು 1 ಡಾಲರು ಕೂಲಿ ಬೇಕೆಂದು ಸಂಘ ಮುಷ್ಕರ ಹೂಡಿತು. ಹಲವು ಕಡೆ 75 ಸೆಂಟು ಸಿಕ್ಕಿತು. ಜಾನ್ ಹ್ಯಾಂಡ್‌ಕಾಕ್ಸ್ ಎಂಬ ಕರಿಯ ಪಾಲುಗಾರ ಸಂಘಕ್ಕಾಗಿ ಹಾಡು ಕಟ್ಟಿದ. ಇಗರ್ಜಿಯ ಮಟ್ಟುಗಳಿಗೆ ಹೊಸ ಮಾತು ಹಾಕಿ ಹಾಡಿದ ಅವನ ಧ್ವನಿಯನ್ನು 1937ರಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯಕ್ಕಾಗಿ ಮುದ್ರಿಸಿಕೊಂಡರು. ಸರ್ಕಾರದ ಒಂದು ಕೈ ಎಬ್ಬಿಸಿದವರ ಹಾಡನ್ನು ಇನ್ನೊಂದು ಕೈ ಜೋಪಾನ ಮಾಡಿತು.

1936ರ ಜನವರಿಯಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಗಿರಣಿ ತೆರಿಗೆಯನ್ನೂ ಮೂಲ ಯೋಜನೆಯನ್ನೂ ಸಂವಿಧಾನಬಾಹಿರವೆಂದು ಹೊಡೆದುಹಾಕಿತು. ಹೊಸ ಕಾಯಿದೆಗಳು ಬಂದವು. ಈ ಗಲಾಟೆಯಿಂದ ಪಾಠ ಕಲಿತು ಪಾಲುಗಾರನಿಗೆ ಹೆಚ್ಚು ಪಾಲು ಕೊಟ್ಟರು. ಚೆಕ್ಕನ್ನು ನೇರವಾಗಿ ಅವನ ಹೆಸರಿಗೇ ಬರೆದರು. ಸಂಘ ಕೇಳಿದ್ದೂ ಇದನ್ನೇ. ಆದರೆ ಪಾಲುಗಾರನಿಗೆ ಚೆಕ್ಕು ಹೋಗುವುದಾದರೆ ಪಾಲುಗಾರನೇ ಇಲ್ಲದಿರಲಿ ಎಂದು ಒಡೆಯ ಲೆಕ್ಕ ಹಾಕಿದ. ಅದೇ ಮನುಷ್ಯ, ಅದೇ ಹೊಲ. ಈಗ ಪಾಲಲ್ಲ, ದಿನಗೂಲಿ. ಕೂಲಿಯವನಿಗೆ ಯಾವ ಚೆಕ್ಕೂ ಇಲ್ಲ. 1939ರ ಜನವರಿಯಲ್ಲಿ ಗಡಿಯಾಚೆಯ ಮಿಸ್ಸೂರಿ ರಾಜ್ಯದ ಆಗ್ನೇಯ ಮೂಲೆಯಲ್ಲಿ, ಓವೆನ್ ವಿಟ್‌ಫೀಲ್ಡ್ ಎಂಬ ಕರಿಯ ಪಾದ್ರಿಯ ಮುಂದಾಳುತನದಲ್ಲಿ, ಹೀಗೆ ಎಬ್ಬಿಸಲಾದ ಸಾವಿರಕ್ಕೂ ಮಿಕ್ಕಿ ಜನ 60 ಮತ್ತು 61ನೆಯ ಹೆದ್ದಾರಿಗಳ ಬದಿಯಲ್ಲಿ ಹಾಸಿಗೆ, ಒಲೆ, ಕೋಳಿ, ಮಕ್ಕಳ ಸಮೇತ ಬಂದು ಕುಳಿತರು. ಘೋಷಣೆಯಿಲ್ಲ, ಮೆರವಣಿಗೆಯಿಲ್ಲ. ಹಿಮದಲ್ಲಿ, ಹೋಗಿ ಬರುವ ಕಾರುಗಳಿಗೆ ಕಾಣುವ ಹಾಗೆ ಕುಳಿತದ್ದಷ್ಟೆ. ಕೆಲವು ದಿನಗಳಲ್ಲಿ ಪೊಲೀಸರು ರೋಗಭಯದ ನೆವ ಹೇಳಿ ಅವರನ್ನು ಚದುರಿಸಿದರು. ದಕ್ಷಿಣದಲ್ಲಿ 1930ರ ಗಣತಿಯಲ್ಲಿ 7 ಲಕ್ಷ 76 ಸಾವಿರವಿದ್ದ ಇಂಥ ಪಾಲುಗಾರರು 1940ರಲ್ಲಿ 5 ಲಕ್ಷ 41 ಸಾವಿರಕ್ಕೆ ಇಳಿದರು. ಯುದ್ಧ ಬಂತು, ಉತ್ತರದ ಕಾರ್ಖಾನೆಗಳು ಕರೆದವು, ಹತ್ತಿ ಬಿಡಿಸುವ ಯಂತ್ರ ಬಂತು. ಮುಂದಿನದು ಬೇರೆ ಕಥೆ.

ಪಾಯಿನ್‌ಸೆಟ್ ಕೌಂಟಿಯಲ್ಲಿ ಈಗ ಭತ್ತವೂ ಸೋಯಾ ಅವರೆಯೂ ಹೆಚ್ಚು. ಸರ್ಕಾರದ ಸಹಾಯಧನ ನಿಂತಿಲ್ಲ. ಕಾಯಿದೆಯ ಹೆಸರುಗಳು ಬದಲಾಗಿವೆ. ಟೈರೋನ್ಜಾದಲ್ಲಿ ಮಿಚೆಲರ ಬಟ್ಟೆ ಅಂಗಡಿಯನ್ನೂ ಪಕ್ಕದ ಪೆಟ್ರೋಲು ಬಂಕನ್ನೂ ಸೇರಿಸಿ ಅಲ್ಲಿನ ರಾಜ್ಯ ವಿಶ್ವವಿದ್ಯಾಲಯ 2006ರಲ್ಲಿ ಗೇಣಿ ರೈತರ ಸಂಗ್ರಹಾಲಯ ತೆರೆದಿದೆ. ಮೇರಿ ಮೈಯರ್ಸ್ ಬರೆದ ವರದಿಯನ್ನು ಕೃಷಿ ಖಾತೆ ಪ್ರಕಟಿಸಲಿಲ್ಲ. ಆಮೇಲೆ ಇತಿಹಾಸಕಾರರು ಹಳೆಯ ಕಡತಗಳಲ್ಲಿ ಹುಡುಕಿದರು. ವರದಿ ತಲುಪಿತೆಂಬುದಕ್ಕೆ ಆಧಾರವಿತ್ತು, ವರದಿ ಇರಲಿಲ್ಲ.